ಮುದ್ರಣಯಂತ್ರವಿಲ್ಲದಿದ್ದರೆ ಲೂಥರನಿಗೂ ಹುಸ್‌ನ ಗತಿಯೇ ಒದಗುತ್ತಿತ್ತೇ?

ಹಳೆಪುಟ (ಪ್ರಶ್ನೆ):
ಬೊಹೀಮಿಯಾದ (ಇಂದಿನ ಚೆಕ್ ದೇಶದ ಭಾಗ) ಪಾದ್ರಿ ಯಾನ್ ಹುಸ್ ಚರ್ಚಿನ ಐಶ್ವರ್ಯವನ್ನೂ ಪಾಪಕ್ಷಮಾಪಣಾ ಪತ್ರಗಳ (ಹಣ ಕೊಟ್ಟವರಿಗೆ ಪಾಪದ ಶಿಕ್ಷೆಯಿಂದ ವಿನಾಯಿತಿಯೆನ್ನುವ ಪತ್ರಗಳ) ಮಾರಾಟವನ್ನೂ ಖಂಡಿಸಿದನು. ಸಿಗಿಸ್ಮಂಡ್ ದೊರೆಯ ಅಭಯಪತ್ರವನ್ನು ನಂಬಿ ಕಾನ್‌ಸ್ಟನ್ಸ್ ನಗರದ ಧರ್ಮಸಭೆಗೆ ಹೋದ ಅವನನ್ನು 1415ರ ಜುಲೈ 6ರಂದು ಜೀವಂತವಾಗಿ ಸುಡಲಾಯಿತು. ನೂರು ವರ್ಷಗಳ ತರುವಾಯ, 1517ರಲ್ಲಿ, ವಿಟೆನ್‌ಬರ್ಗಿನ ಮಾರ್ಟಿನ್ ಲೂಥರ್ ಅದೇ ಪತ್ರಗಳ ವಿರುದ್ಧ ದನಿಯೆತ್ತಿದನು. ಆದರೆ ಅವನು 1546ರವರೆಗೆ ಬದುಕಿ ಸಹಜ ಮರಣವನ್ನು ಪಡೆದನು. ಇವರಿಬ್ಬರ ನಡುವೆ ಗುಟೆನ್‌ಬರ್ಗನ ಅಚ್ಚಿನ ಯಂತ್ರ ಬಂದದ್ದೇ ಈ ವ್ಯತ್ಯಾಸಕ್ಕೆ ಕಾರಣವೆಂದು ಸಾಮಾನ್ಯವಾಗಿ ಬರೆಯುತ್ತಾರೆ. ಮಧ್ಯಯುಗದ ಧಾರ್ಮಿಕ ವ್ಯವಸ್ಥೆಯನ್ನು ಒಡೆದದ್ದು ನಿಜವಾಗಿಯೂ ಒಂದು ಯಂತ್ರವೇ? ತಿಳಿದವರು ವಿವರಿಸಬೇಕಾಗಿ ವಿನಂತಿ.

ಅಚ್ಚುಮೊಳೆ:
ಯಂತ್ರದ ಪಾಲು ದೊಡ್ಡದೇ, ಆದರೆ ಅದು ಹುಟ್ಟಿನಿಂದಲೇ ಸುಧಾರಕರ ಪಕ್ಷದಲ್ಲಿ ಇರಲಿಲ್ಲ. 1454–55ರಲ್ಲಿ ಮೈಂಜ್ ನಗರದಲ್ಲಿ ಅಚ್ಚಾದ ಮೊದಮೊದಲ ಹಾಳೆಗಳಲ್ಲಿ ಪಾಪಕ್ಷಮಾಪಣಾ ಪತ್ರಗಳೂ ಇದ್ದವು. ತುರ್ಕರಿಂದ ಸೈಪ್ರಸ್ ದ್ವೀಪವನ್ನು ರಕ್ಷಿಸಲು ಹಣ ಕೂಡಿಸುವುದಕ್ಕೆಂದು ಹೊರಡಿಸಿದ ಆ ಪತ್ರಗಳಲ್ಲಿ ಕೊಳ್ಳುವವರ ಹೆಸರನ್ನೂ ದಿನಾಂಕವನ್ನೂ ತುಂಬಲು ಜಾಗ ಬಿಟ್ಟಿದ್ದರು. ಅಂದರೆ, ಲೂಥರ್ ಖಂಡಿಸಿದ ವ್ಯಾಪಾರ ಅಷ್ಟು ವಿಸ್ತಾರವಾಗಿ ಬೆಳೆಯಲು ಅಚ್ಚುಕೂಟವೂ ನೆರವಾಗಿತ್ತು.

1517ರಲ್ಲಿ ಈ ಪತ್ರಗಳ ವಿರುದ್ಧ ಲೂಥರ್ ಮಂಡಿಸಿದ 95 ವಾದಗಳು ವಿದ್ವಾಂಸರ ಚರ್ಚೆಗಾಗಿ ಲ್ಯಾಟಿನ್ ಭಾಷೆಯಲ್ಲಿ ಬರೆದವು. ರೈತನಾಗಲಿ ನೇಕಾರನಾಗಲಿ ಅವನ್ನು ಓದುವಂತಿರಲಿಲ್ಲ. ನಿಜವಾದ ತಿರುವು 1518ರದು ಎಂಬುದು ನನ್ನ ಅಭಿಪ್ರಾಯ. ಆ ವರ್ಷ ಅವನು ಅದೇ ವಿಷಯವನ್ನು ಕೆಲವೇ ಪುಟಗಳ ಉಪದೇಶವಾಗಿ ಜರ್ಮನ್ ಭಾಷೆಯಲ್ಲಿ ಬರೆದನು. ಬೇಗ ಅಚ್ಚಾಗಿ ಬೇಗ ಖರ್ಚಾಗುವ ಇಂತಹ ಕಿರುಹೊತ್ತಗೆಗಳನ್ನು ಬೇರೆ ಬೇರೆ ಊರುಗಳ ಮುದ್ರಕರು ಲೇಖಕನ ಅನುಮತಿಗೆ ಕಾಯದೆ ಮತ್ತೆ ಮತ್ತೆ ಮುದ್ರಿಸಿದರು. ಓದು ಬಾರದವರಿಗೆ ಓದಿ ಹೇಳುವವರಿದ್ದರು, ಮರದಚ್ಚಿನ ಚಿತ್ರಗಳೂ ಇದ್ದವು. 1521ರಲ್ಲಿ ಲೂಕಾಸ್ ಕ್ರಾನಾಖ್‌ನ ಚಿತ್ರಗಳೊಡನೆ ಬಂದ ಒಂದು ಹೊತ್ತಗೆಯಲ್ಲಿ ಮುಳ್ಳಿನ ಕಿರೀಟದ ಕ್ರಿಸ್ತನ ಎದುರಿಗೇ ಮೂರಂತಸ್ತಿನ ಕಿರೀಟದ ಪೋಪ್ ಇದ್ದಾನೆ. ಅದನ್ನು ಅರ್ಥಮಾಡಿಕೊಳ್ಳಲು ಅಕ್ಷರಜ್ಞಾನ ಬೇಕಿಲ್ಲ.

ಕೋಟೆಬಾಗಿಲು:
ಅಚ್ಚುಮೊಳೆಯವರು ಹೇಳಿದ್ದು ಸರಿ. ಆದರೆ ಪ್ರಶ್ನೆಯಲ್ಲಿಯೇ ಒಂದು ತಪ್ಪು ಗ್ರಹಿಕೆ ಅಡಗಿದೆ. ಹುಸ್ ಸತ್ತನೆಂಬುದು ನಿಜ, ಅವನ ಪಂಥ ಸಾಯಲಿಲ್ಲ. ಅಚ್ಚಿನ ಯಂತ್ರವೇ ಇಲ್ಲದ ಕಾಲದಲ್ಲಿ ಅವನ ಅನುಯಾಯಿಗಳು 1420ರಿಂದ 1431ರವರೆಗೆ ತಮ್ಮ ಮೇಲೆ ಬಂದ ಧರ್ಮಯುದ್ಧದ ದಂಡುಗಳನ್ನೆಲ್ಲ ಹಿಮ್ಮೆಟ್ಟಿಸಿದರು. ಕೊನೆಗೆ 1436ರ ಒಪ್ಪಂದದಲ್ಲಿ, ಪೂಜೆಯ ವೇಳೆ ರೊಟ್ಟಿಯ ಜೊತೆಗೆ ದ್ರಾಕ್ಷಾರಸವನ್ನೂ ಸ್ವೀಕರಿಸುವ ಹಕ್ಕನ್ನು ಸಾಮಾನ್ಯ ಭಕ್ತರಿಗೆ ದೊರಕಿಸಿಕೊಟ್ಟರು. ಬೊಹೀಮಿಯಾದ ಶ್ರೀಮಂತರು ಮತ್ತು ಪ್ರಾಗ್ ನಗರ ಬೆನ್ನಿಗೆ ನಿಂತದ್ದರಿಂದ ಇದು ಸಾಧ್ಯವಾಯಿತು.

ಲೂಥರನನ್ನು ಉಳಿಸಿದ್ದೂ ಅಂತಹ ಆಶ್ರಯವೇ. ಸ್ಯಾಕ್ಸನಿಯ ಅರಸ ಫ್ರೆಡರಿಕ್ ಸ್ವತಃ ಸಾವಿರಾರು ಸಂತರ ಅವಶೇಷಗಳನ್ನು ಕೂಡಿಹಾಕಿ, ಅವುಗಳ ದರ್ಶನದಿಂದ ಪಾಪಕ್ಷಮೆ ದೊರೆಯುತ್ತದೆಂದು ಜನರನ್ನು ಕರೆಯುತ್ತಿದ್ದವನು! ಆದರೂ ತನ್ನ ವಿಶ್ವವಿದ್ಯಾಲಯದ ಅಧ್ಯಾಪಕನನ್ನು ರೋಮ್‌ಗೆ ಒಪ್ಪಿಸಲು ಅವನು ಸಿದ್ಧನಿರಲಿಲ್ಲ. 1521ರಲ್ಲಿ ಚಕ್ರವರ್ತಿಯ ಮುಂದೆ ವಿಚಾರಣೆ ನಡೆದ ವೋರ್ಮ್ಸ್ ಸಭೆಯಿಂದ ಹಿಂದಿರುಗುತ್ತಿದ್ದ ಲೂಥರನನ್ನು ಅಪಹರಣದ ನಾಟಕವಾಡಿಸಿ ವಾರ್ಟ್‌ಬರ್ಗ್ ಕೋಟೆಯಲ್ಲಿ ಅಡಗಿಸಿಟ್ಟನು. ಬೈಬಲಿನ ಹೊಸ ಒಡಂಬಡಿಕೆಯ ಜರ್ಮನ್ ಅನುವಾದ ಸಿದ್ಧವಾದದ್ದು ಅಲ್ಲಿಯೇ. ಚಕ್ರವರ್ತಿ ಐದನೆಯ ಚಾರ್ಲ್ಸ್ ಲೂಥರನನ್ನು ಬಹಿಷ್ಕೃತನೆಂದು ಘೋಷಿಸಿದರೂ, ಒಂದು ಕಡೆ ಫ್ರಾನ್ಸ್, ಇನ್ನೊಂದು ಕಡೆ 1529ರಲ್ಲಿ ವಿಯೆನ್ನಾದವರೆಗೂ ಬಂದ ತುರ್ಕರ ಸೈನ್ಯ, ಹೀಗೆ ಸದಾ ಯುದ್ಧದಲ್ಲಿ ಮುಳುಗಿದ್ದ ಅವನಿಗೆ ಜರ್ಮನ್ ಅರಸರ ಹಣವೂ ದಂಡೂ ಬೇಕಿದ್ದುದರಿಂದ ಆ ಆಜ್ಞೆ ಹೆಚ್ಚಿನ ಕಡೆಗಳಲ್ಲಿ ಕಾಗದದ ಮೇಲೆಯೇ ಉಳಿಯಿತು.

ಮೂರನೆಯ ಸಾಲು:
ಅರಸರನ್ನೂ ಯಂತ್ರಗಳನ್ನೂ ಕುರಿತೇ ಮಾತನಾಡುತ್ತಿದ್ದೇವೆ. ಜನರ ಬದುಕಿನಲ್ಲಿ ಏನು ಮುರಿಯಿತೆಂಬುದೂ ಮುಖ್ಯವಲ್ಲವೇ? 1522ರಲ್ಲಿ ಜ್ಯೂರಿಕ್ ನಗರದ ಮುದ್ರಕ ಫ್ರೋಷಾವರ್‌ನ ಮನೆಯಲ್ಲಿ, ಮಾಂಸ ನಿಷಿದ್ಧವಾಗಿದ್ದ ಉಪವಾಸದ ಕಾಲದಲ್ಲಿ, ಕೆಲವರು ಸಾಸೇಜ್ ತಿಂದರು. ಪಾದ್ರಿ ಸ್ವಿಂಗ್ಲಿ ಅಲ್ಲಿಯೇ ಇದ್ದರೂ ತಾನು ತಿನ್ನಲಿಲ್ಲ, ಆದರೆ ಬಳಿಕ ತಿಂದವರ ಪರವಾಗಿ ಉಪದೇಶ ಮಾಡಿದನು. ಇದನ್ನು ಕ್ಷುಲ್ಲಕ ಸಂಗತಿಯೆನ್ನಲಾಗದು. ಯಾವ ದಿನ ಏನನ್ನು ಉಣ್ಣಬೇಕೆಂದು ವಿಧಿಸುವ ಅಧಿಕಾರ ಚರ್ಚಿಗೆ ಇದೆಯೇ ಎಂದು ಬಹಿರಂಗವಾಗಿ ಕೇಳಿದ ಮೇಲೆ ಉಳಿದ ಕಟ್ಟಳೆಗಳೂ ಅಲುಗಾಡತೊಡಗಿದವು. ಸನ್ಯಾಸಿಗಳು ಮದುವೆಯಾದರು, ಲೂಥರನೇ 1525ರಲ್ಲಿ ಮಠ ತೊರೆದಿದ್ದ ಕಥರೀನಾ ಫಾನ್ ಬೋರಾಳ ಕೈಹಿಡಿದನು. ಇಂಗ್ಲೆಂಡಿನಲ್ಲಿ 1547ರ ಕಾಯಿದೆ, ಸತ್ತವರ ಆತ್ಮಶುದ್ಧಿಗಾಗಿ ಪೂಜೆ ನಡೆಸಲು ಬಿಟ್ಟಿದ್ದ ದತ್ತಿಗಳನ್ನೆಲ್ಲ ದೊರೆಯ ವಶಕ್ಕೆ ಕೊಟ್ಟಿತು. ತಂದೆತಾಯಿಯ ಆತ್ಮಕ್ಕಾಗಿ ಏನಾದರೂ ಮಾಡುವ ದಾರಿಯೇ ಮುಚ್ಚಿಹೋಯಿತೆಂದು ಎಷ್ಟು ಮನೆಗಳವರು ನೊಂದಿರಬೇಕೋ!

ಅಚ್ಚಾದ ಮಾತು ಬರೆದವನ ಹಿಡಿತದಲ್ಲಿ ಉಳಿಯುವುದಿಲ್ಲ ಎಂಬುದಕ್ಕೂ ಸಾಕ್ಷಿಯಿದೆ. ಕ್ರಿಸ್ತನು ಎಲ್ಲರನ್ನೂ ವಿಮೋಚಿಸಿದ ಮೇಲೆ ಜೀತವೇಕೆ ಎಂದು 1525ರಲ್ಲಿ ಮೆಮ್ಮಿಂಗನ್‌ನಲ್ಲಿ ಸೇರಿದ ರೈತರು ಹನ್ನೆರಡು ಬೇಡಿಕೆಗಳನ್ನು ಅಚ್ಚು ಹಾಕಿಸಿದಾಗ, ಮೊದಮೊದಲು ಶಾಂತಿಯ ಮಾತನ್ನಾಡಿದ ಲೂಥರನು, ದಂಗೆ ಹಬ್ಬಿದ ಮೇಲೆ ಅವರನ್ನು ಹೊಡೆದು ಕೊಲ್ಲಿರೆಂದೇ ಬರೆದನು.

ಹಳೆಪುಟ:
ಮೂವರಿಗೂ ಕೃತಜ್ಞತೆಗಳು. ಹಾಗಾದರೆ, ಅಚ್ಚುಕೂಟವಿದ್ದೂ ಸುಧಾರಣೆ ನೆಲೆಯೂರದ ಊರು ಯಾವುದಾದರೂ ಇದೆಯೇ?

ಕೋಟೆಬಾಗಿಲು:
ವೆನಿಸ್ ಇದೆ. 15ನೆಯ ಶತಮಾನದ ಕೊನೆಗೆ ಅಷ್ಟು ಪುಸ್ತಕಗಳು ಅಚ್ಚಾಗುತ್ತಿದ್ದ ನಗರ ಯುರೋಪಿನಲ್ಲಿ ಇನ್ನೊಂದಿರಲಿಲ್ಲ. ಲೂಥರನ ವಿಚಾರಗಳು ಅಲ್ಲಿಗೂ ತಲುಪಿದವು, ಒಪ್ಪಿದವರೂ ಇದ್ದರು. ಆದರೆ ನಗರದ ಆಡಳಿತ ರೋಮ್‌ನ ಧರ್ಮವನ್ನು ಬಿಡಲಿಲ್ಲ. 1547ರಲ್ಲಿ, ಚರ್ಚಿನ ಬೋಧನೆಯನ್ನು ಒಪ್ಪದವರನ್ನು ವಿಚಾರಿಸುವ ಧರ್ಮವಿಚಾರಣೆಯ ನ್ಯಾಯಪೀಠದಲ್ಲಿ ಪಾದ್ರಿಗಳ ಜೊತೆ ತನ್ನ ಮೂವರು ಪ್ರತಿನಿಧಿಗಳನ್ನೂ ಕೂರಿಸಿತು.