ಅಪ್ಪನಿಗೆ ಸ್ಟ್ರೋಕ್: ಬಿ.ಎಂ. ರಸ್ತೆಯ ಮನೆಯಲ್ಲೇ ಇರಿಸುವುದಾ, ಆಲ್ದೂರಿನ ತೋಟಕ್ಕೆ ಕಳಿಸುವುದಾ? ಅನುಭವ ಇದ್ದವರು ಹೇಳಿ

ಬಿ.ಎಂ. ರಸ್ತೆ ಮಗಳು:
ಅಪ್ಪನಿಗೆ 67 ವರ್ಷ. ಐದು ವಾರದ ಹಿಂದೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲಿಗೆ ಶಕ್ತಿ ಇಲ್ಲ. ಹೇಳಬೇಕಾದ ಪದ ಬಾಯಿಗೆ ಸಿಗುವುದಿಲ್ಲ. ನಮ್ಮದು ಹಾಸನದಲ್ಲಿ, ಕೆಳಗೆ ಅಂಗಡಿ, ಮೇಲೆ ಮನೆ. ರಾತ್ರಿಯಿಡೀ ಲಾರಿ. ಬೆಳಿಗ್ಗೆ ಒರೆಸಿದ ಕಿಟಕಿ ಸಂಜೆಗೆ ಕಪ್ಪು. ಡಾಕ್ಟರು ‘ಹೊಗೆ, ಧೂಳು ಆದಷ್ಟು ಕಮ್ಮಿ ಮಾಡಿ’ ಎಂದರು, ಹೇಗೆ ಅಂತ ಹೇಳಲಿಲ್ಲ. ಚಿಕ್ಕಮಗಳೂರು ಕಡೆ ಆಲ್ದೂರಿನ ಹತ್ತಿರ ಅತ್ತೆಯ (ಅಪ್ಪನ ತಂಗಿಯ) ತೋಟದ ಮನೆ ಇದೆ. ‘ಅಣ್ಣನನ್ನು ಇಲ್ಲಿಗೆ ಕಳಿಸಿ’ ಅಂತ ದಿನಾ ಫೋನ್ ಮಾಡುತ್ತಾರೆ. ಇಲ್ಲಿದ್ದರೆ ಫಿಸಿಯೋದವರು ದಿನಾ ಮನೆಗೇ ಬರುತ್ತಾರೆ. ಒಳ್ಳೆ ಗಾಳಿಗೆ ಚೇತರಿಕೆ ಬೇಗ ಆಗುತ್ತದಾ?

ಮೂಡಿಗೆರೆ ಕಡೆಯವ:
ಸ್ಟ್ರೋಕ್ ಆದ ಅಮ್ಮನನ್ನು ಬೆಂಗಳೂರಿನ ಪೀಣ್ಯದಿಂದ ತೋಟಕ್ಕೆ ಕರೆತಂದವನು ನಾನು, ಅಣ್ಣನ ಮಾತು ಮೀರಿ. ಬಂದ ಹದಿನೈದು ದಿನಕ್ಕೆ ಕೆಮ್ಮು ನಿಂತಿತು. ನಿದ್ದೆ ಹತ್ತಿತು. ಮೇಲಿನ ಬಿಪಿ 160ರಿಂದ 138ಕ್ಕೆ ಇಳಿಯಿತು. ಮಾತ್ರೆ ಬದಲಾಗಿದ್ದಕ್ಕೆ ಇಳಿಯಿತು ಅಂತ ಅಣ್ಣ, ಗಾಳಿಗೆ ಅಂತ ನಾನು. ಎರಡು ವರ್ಷವಾದರೂ ಆ ಜಗಳ ಮುಗಿದಿಲ್ಲ.

ಖರ್ಚು ಕೇಳಿ. ಚಿಕ್ಕಮಗಳೂರಿನಿಂದ ಫಿಸಿಯೋ ಬರಬೇಕು. ಒಂದು ಸಲಕ್ಕೆ 700, ಪೆಟ್ರೋಲಿಗೆ 300. ವಾರಕ್ಕೆ ಮೂರು ಸಲ, ತಿಂಗಳಿಗೆ 12ರಿಂದ 13 ಸಾವಿರ. ಜೂನ್‌ನಲ್ಲಿ ಮಳೆ ಹಿಡಿಯಿತು. ದಾರಿಗೆ ಮರ ಬಿತ್ತು, ಅವರು ಬರುವುದು ನಿಂತಿತು. ಒಂಬತ್ತು ದಿನ ಕರೆಂಟಿಲ್ಲ. ಏರ್ ಬೆಡ್ಡಿನ ಪಂಪ್ ನಿಂತು ಸೊಂಟದ ಕೆಳಗೆ ಹುಣ್ಣಾಯಿತು. ಡ್ರೆಸ್ಸಿಂಗ್‌ಗೆ ದಿನಕ್ಕೆ 340 ರೂಪಾಯಿ, 41 ದಿನ. ಮೂರು ವಾರ ವ್ಯಾಯಾಮ ತಪ್ಪಿದ್ದಕ್ಕೆ ಭುಜ ಬಿಗಿಯಿತು. ತಲೆ ಬಾಚಿಕೊಳ್ಳಲು ಈಗಲೂ ಆ ಕೈ ಮೇಲೆ ಬರುವುದಿಲ್ಲ. ಆದರೂ ಕರೆತಂದದ್ದು ತಪ್ಪು ಅನ್ನುವುದಿಲ್ಲ. ಯಾರೂ ಅನ್ನಬೇಡಿ.

ಎನ್.ಆರ್. ಸರ್ಕಲ್:
ಯಾರೂ ಅಂದಿಲ್ಲವಲ್ಲ ಸಾರ್.

ನಾವು ಹಾಸನದಲ್ಲೇ ಉಳಿದೆವು. ಅಪ್ಪನ ಕೋಣೆಗೆ ಪ್ಯೂರಿಫೈಯರ್ ಹಾಕಿಸಿದೆ, 16,800. ಫಿಲ್ಟರ್ ಒಂದು ವರ್ಷ ಬರುತ್ತದೆ ಅಂತ ಅಂಗಡಿಯವನು ಹೇಳಿದ. ಐದು ತಿಂಗಳಿಗೆ ಕಪ್ಪಾಯಿತು. ಹೊಸದಕ್ಕೆ 3,200. ಇದುವರೆಗೆ ನಾಲ್ಕು ಫಿಲ್ಟರ್. ಗಾಳಿ ಅಳೆಯುವ ಸಣ್ಣ ಯಂತ್ರ ಬೇರೆ, 4,500. ನೋಟ್‌ಬುಕ್ಕಿನಲ್ಲಿ ದಿನಾ ಬರೆದಿಡುತ್ತೇನೆ. ಬೆಳಗಿನ ಜಾವ ಪಿಎಂ 2.5 (ಗಾಳಿಯಲ್ಲಿರುವ ಅತಿ ಸಣ್ಣ ಧೂಳಿನ ಕಣ) ಸುಮಾರು 35. ಎದುರಿಗೆ ಲಾರಿ ಎಂಜಿನ್ ಆಫ್ ಮಾಡದೆ ನಿಂತರೆ 90. ಹಾಸನಾಂಬೆ ಬಾಗಿಲು ತೆರೆದ ವಾರ ಊರು ತುಂಬಾ ಗಾಡಿ, 120ರ ಕೆಳಗೆ ಬರಲೇ ಇಲ್ಲ. ದೀಪಾವಳಿ ರಾತ್ರಿ ಯಂತ್ರ ನೋಡುವ ಧೈರ್ಯ ಮಾಡಲಿಲ್ಲ.

ಆದರೆ ಲಾರಿಗಿಂತ ಜಾಸ್ತಿ ಬಂದದ್ದು ಯಾವುದಕ್ಕೆ ಗೊತ್ತಾ? ನಮ್ಮಮ್ಮನ ಅಗರಬತ್ತಿಗೆ. ಹತ್ತು ನಿಮಿಷದಲ್ಲಿ 210. ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದರೆ 300. ‘ಯಂತ್ರ ನೋಡಿ ದೇವರ ಪೂಜೆ ನಿಲ್ಲಿಸುತ್ತೀಯೇನೋ’ ಅಂತ ಅಮ್ಮ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಈಗ ಬರೀ ತುಪ್ಪದ ದೀಪ. ಅಪ್ಪ ಎಂಟನೇ ತಿಂಗಳಿಗೆ ಕೋಲು ಹಿಡಿದು ಮೆಟ್ಟಿಲು ಇಳಿದರು. ತೋಟಕ್ಕೆ ಹೋಗಿದ್ದರೆ ಇಳಿಯುತ್ತಿರಲಿಲ್ಲ.

ಮೂಡಿಗೆರೆ ಕಡೆಯವ:
ಕೊನೇ ಸಾಲು ನನಗೇ ಹೇಳಿದ್ದು ಅಂತ ಗೊತ್ತಾಯಿತು. ನಮ್ಮ ಮನೆಗೆ ಮೆಟ್ಟಿಲೇ ಇಲ್ಲ ಸಾರ್.

ಗೊರೂರು ಸೊಸೆ:
ತೋಟದ ಗಾಳಿ, ಹಳ್ಳಿ ಗಾಳಿ ಅಂತ ಹಾಡುವವರು ಒಂದು ದಿನ ಬೆಳಿಗ್ಗೆ ಐದು ಗಂಟೆಗೆ ನಮ್ಮ ಬಚ್ಚಲ ಮನೆಗೆ ಬನ್ನಿ. ಹಂಡೆ ಒಲೆಗೆ ಹಸಿ ಸೌದೆ, ತೆಂಗಿನ ಮಟ್ಟೆ. ಹೊಗೆ ನೆಟ್ಟಗೆ ನಡುಮನೆಗೆ. ಮಾವನವರಿಗೆ ಸ್ಟ್ರೋಕ್ ಆದ ಮೇಲೆ ಮಂಚ ಹಾಕಿದ್ದು ಬಚ್ಚಲ ಪಕ್ಕದ ಕೋಣೆಗೇ, ಕಮೋಡ್ ಚೇರ್ ತಳ್ಳಲು ಸುಲಭ ಅಂತ. ಐದು ತಿಂಗಳು ಅವರು ಕುಡಿದದ್ದು ಆ ಹೊಗೆಯನ್ನೇ. ನನಗೂ ಹೊಳೆಯಲಿಲ್ಲ. ಹೊಳೆದಿದ್ದು ಅವರ ಮಗಳು ಬೆಂಗಳೂರಿಂದ ಬಂದು ‘ಅಪ್ಪನಿಗೆ ಹೊಗೆ’ ಅಂತ ಕೂಗಾಡಿದಾಗ. ಆ ಒಲೆ ಊದುತ್ತಾ 22 ವರ್ಷ ಕಳೆದ ನನ್ನ ಕೆಮ್ಮು ಯಾರ ಕಿವಿಗೂ ಬಿದ್ದಿರಲಿಲ್ಲ.

ಆಮೇಲೆ ಸೋಲಾರ್ ಬಂತು, 27,500. ಅದೂ ಮಾವನವರ ಹೆಸರಲ್ಲಿ. ಮಳೆಗಾಲದಲ್ಲಿ ಬಿಸಿಯಾಗುವುದಿಲ್ಲ, ಮತ್ತೆ ಒಲೆ.

ರಿಟೈರ್ಡ್ ಲ್ಯಾಬ್:
ಸೋದರಿ ಹೇಳಿದ್ದು ಸರಿ. ಸೌದೆ ಹೊಗೆಯಲ್ಲಿರುವುದೂ ಪಿಎಂ 2.5, ಡೀಸೆಲ್ ಹೊಗೆಯಲ್ಲಿರುವುದೂ ಅದೇ. ಶ್ವಾಸಕೋಶದಿಂದ ರಕ್ತಕ್ಕೆ ಇಳಿದು ರಕ್ತನಾಳದ ಒಳಗೋಡೆ ಊದಿಸುತ್ತದೆ, ಬಿಪಿ ಏರಿಸುತ್ತದೆ, ರಕ್ತ ಹೆಪ್ಪುಗಟ್ಟುವುದು ಜಾಸ್ತಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವರ್ಷದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ದಾಟಬಾರದು ಎಂದಿತು. ನಮ್ಮ ದೇಶದ ಮಿತಿ 40. 28 ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ 2015ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು: ಗಾಳಿ ಕೆಟ್ಟ ದಿನಗಳಲ್ಲಿ ಸ್ಟ್ರೋಕ್ ಆಗಿ ಆಸ್ಪತ್ರೆ ಸೇರುವವರು ಜಾಸ್ತಿ. 2017ರಲ್ಲಿ ಇನ್ನೊಂದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಕೆನಡಾದ ಒಂಟಾರಿಯೊ ಲೆಕ್ಕ ಬಂತು: ದೊಡ್ಡ ರಸ್ತೆಯಿಂದ 50 ಮೀಟರ್ ಒಳಗೆ ಇರುವವರಲ್ಲಿ, 300 ಮೀಟರ್ ಆಚೆ ಇರುವವರಿಗಿಂತ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಸುಮಾರು ಶೇ 7 ಜಾಸ್ತಿ. 2020ರಲ್ಲಿ ಲ್ಯಾನ್ಸೆಟ್ ಆಯೋಗ ಮರೆವಿನ ಕಾಯಿಲೆಗೆ ದಾರಿ ಮಾಡುವ ಅಂಶಗಳ ಪಟ್ಟಿಗೆ ವಾಯುಮಾಲಿನ್ಯವನ್ನೂ ಸೇರಿಸಿತು.

ಬಿದ್ದ ಕೈ ಒಳ್ಳೆ ಗಾಳಿಗೆ ತಾನಾಗಿ ಏಳುತ್ತದೆ ಅಂತ ಇವುಗಳಲ್ಲಿ ಎಲ್ಲೂ ಇಲ್ಲ. ಕೈ ಏಳಿಸುವುದು ವ್ಯಾಯಾಮ. ಮೊದಲ ಮೂರು ತಿಂಗಳು ಬಂಗಾರ. ಗಾಳಿಯ ಚಿಂತೆ ಬೇಕಾಗುವುದು ಎರಡನೇ ಸ್ಟ್ರೋಕ್ ಬಾರದಿರಲಿ ಅಂತ.

ಜಯನಗರದವ:
ಸುಮ್ನೆ ಹೆದರಿಸುತ್ತಿದ್ದೀರಿ. ಕೇಂದ್ರದ ಶುದ್ಧ ಗಾಳಿ ಯೋಜನೆ 2019ರಲ್ಲಿ ಬಂತಲ್ಲ, ಗಾಳಿ ಕೆಟ್ಟ ಊರುಗಳ ಅದರ ಪಟ್ಟಿಯಲ್ಲಿ ಕರ್ನಾಟಕದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಹಾಸನ ಪಟ್ಟಿಯಲ್ಲೇ ಇಲ್ಲ. ನಾವು ಬೆಂಗಳೂರಲ್ಲಿ ಇದನ್ನೇ ಉಸಿರಾಡಿ ಬದುಕಿಲ್ವಾ?

ಎನ್.ಆರ್. ಸರ್ಕಲ್:
ಪಟ್ಟಿ ಇರುವುದು ಊರಿಗೆ, ನನ್ನ ಕಿಟಕಿಗಲ್ಲ. ನೋಟ್‌ಬುಕ್ ಫೋಟೋ ಹಾಕಲಾ?

ಬಿ.ಎಂ. ರಸ್ತೆ ಮಗಳು:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಮಾತಿನದೇ ದೊಡ್ಡ ತೊಂದರೆ. ‘ನೀರು’ ಅನ್ನಲು ಹೋಗಿ ‘ಬಾಗಿಲು’ ಅನ್ನುತ್ತಾರೆ, ತಪ್ಪು ಅಂತ ಅವರಿಗೇ ಗೊತ್ತಾಗಿ ಅಳುತ್ತಾರೆ. ಮಾತು ಕಲಿಸುವವರು ಯಾರಾದರೂ ಗೊತ್ತಾ?

ಬೇಲೂರಿನ ತಮ್ಮ:
ಗಾಳಿ ಗೀಳಿ ಆಮೇಲೆ. ನಮ್ಮ ಅಣ್ಣನಿಗೆ 44. ಬೆಳಿಗ್ಗೆ ಆರೂವರೆಗೆ ಬಾಯಿ ಸೊಟ್ಟಗಾಯಿತು. ದೊಡ್ಡವರೆಲ್ಲ ಸೇರಿ ‘ಲಕ್ವ, ನಾಟಿ ಔಷಧಿಯೇ ಸರಿ’ ಎಂದರು. ಪಾರಿವಾಳದ ರಕ್ತ ಹಚ್ಚಿದರು. ಎಣ್ಣೆ ಕೊಟ್ಟರು, ಬಾಟಲಿಗೆ 1,800. ಹಾಸನಕ್ಕೆ ಬರುವಾಗ ಮಧ್ಯಾಹ್ನ ಒಂದು ಗಂಟೆ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಗಡುವು, ನಮಗೆ ಆರೂವರೆ ಆಗಿಹೋಗಿತ್ತು. ಸುಮಾರು ನಲವತ್ತು ಕಿಲೋಮೀಟರ್ ದಾರಿ ಅಷ್ಟೇ. ನಾನೇ ಕಾರು ಓಡಿಸುವವನು. ಕೀ ನನ್ನ ಜೇಬಲ್ಲೇ ಇತ್ತು.

ಸಕಲೇಶಪುರ ಗೌಡ್ರು:
ನಾಟಿ ಔಷಧಿಗೆ ಬೈಯಬೇಡಿ. ನಮ್ಮ ಚಿಕ್ಕಪ್ಪ ಅದರಲ್ಲೇ ಎದ್ದು ಓಡಾಡುತ್ತಿದ್ದಾರೆ.

ಬೇಲೂರಿನ ತಮ್ಮ:
ನಿಮ್ಮ ಚಿಕ್ಕಪ್ಪನಿಗೆ ಸ್ಕ್ಯಾನ್ ಮಾಡಿಸಿದ್ರಾ? ಬರೀ ಮುಖದ ನರದ ತೊಂದರೆಯೂ ಇರಬಹುದು, ಅದು ಎಷ್ಟೋ ಜನಕ್ಕೆ ತಾನಾಗೇ ವಾಸಿಯಾಗುತ್ತದೆ. ನಮ್ಮ ಅಣ್ಣನಿಗೂ ನಿಮ್ಮಂಥವರೇ ಸಲಹೆ ಕೊಟ್ಟಿದ್ದು.

ಸಕಲೇಶಪುರ ಗೌಡ್ರು:
ಕೀ ಜೇಬಲ್ಲಿ ಇಟ್ಟುಕೊಂಡವರು ನೀವು, ಬೈಗುಳ ನಮಗೆ.

ಗೊರೂರು ಸೊಸೆ:
ಗೌಡ್ರೇ, ಆ ಮಾತು ಬೇಡವಾಗಿತ್ತು.

ಮೂಡಿಗೆರೆ ಕಡೆಯವ:
ಆಲ್ದೂರಿನದು ಕಾಫಿ ತೋಟ ತಾನೇ? ಡಿಸೆಂಬರಿನಿಂದ ಕೊಯ್ಲು. ಕಣದ ಪಕ್ಕ ಕೋಣೆ ಬೇಡ. ಚೆರ್ರಿ (ಕಾಫಿ ಹಣ್ಣು) ಒಣಗಿದ ಮೇಲೆ ಸಿಪ್ಪೆ ಬಿಡಿಸುವ ಹಲ್ಲಿಂಗ್ ಮೆಷಿನ್ನಿನ ಹತ್ತಿರ ಹೊಟ್ಟಿನ ಧೂಳು ವಿಪರೀತ. ಅಮ್ಮನಿಗೆ ಜನವರಿಯಲ್ಲಿ ಕೆಮ್ಮು ವಾಪಸ್ ಬಂತು. ಇದನ್ನು ನಾನು ಅಣ್ಣನಿಗೆ ಹೇಳಿಲ್ಲ.

ಜಯನಗರದವ:
ಮೊದಲು ಬಿಪಿ, ಶುಗರ್, ಬೀಡಿ ನೋಡಿಕೊಳ್ಳಿ. ಮನೆ ಬಾಗಿಲಲ್ಲಿ ಬೀಡಿ ಸೇದುತ್ತಾ ಲಾರಿಗೆ ಬೈಯುವವರನ್ನು ಬೇಕಾದಷ್ಟು ನೋಡಿದ್ದೇನೆ.

ಎನ್.ಆರ್. ಸರ್ಕಲ್:
ನಮ್ಮಪ್ಪ ಬೀಡಿ ಮುಟ್ಟಿದವರಲ್ಲ. 31 ವರ್ಷ ಬಸ್ ಸ್ಟ್ಯಾಂಡ್ ಎದುರು ಅಂಗಡಿ ಇಟ್ಟಿದ್ದರು. ನಿಮಗೆ ಗೊತ್ತಿಲ್ಲದ ಮನೆಯ ವಿಷಯ ಮಾತಾಡಬೇಡಿ.

ಅರಸೀಕೆರೆ ಟೀಚರ್:
ಇಷ್ಟು ಜಗಳದಲ್ಲಿ ಆ ಹುಡುಗಿ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಮಾತಿಗೆ ನಾವು ಹೋಗಿದ್ದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ಆಯಿಷ್‌ಗೆ, ಮಾನಸಗಂಗೋತ್ರಿಯಲ್ಲಿದೆ. ನಮ್ಮ ಯಜಮಾನರಿಗೂ ಹೀಗೇ, ಪದ ಅದಲುಬದಲು. ಪರೀಕ್ಷೆ ಮಾಡಿ ಮನೆಯಲ್ಲಿ ಮಾಡಿಸುವುದನ್ನು ನನಗೆ ಕಲಿಸಿ ಕಳಿಸಿದರು. ವಸ್ತು ತೋರಿಸಿ ಹೆಸರು ಹೇಳಿಸುವುದು, ಮೊದಲ ಅಕ್ಷರ ಮಾತ್ರ ನಾವು ಹೇಳಿಕೊಡುವುದು. ಅವರ ಪರವಾಗಿ ನಾವೇ ವಾಕ್ಯ ಮುಗಿಸಬಾರದು, ನನಗೆ ಕಷ್ಟವಾಗಿದ್ದು ಅದೇ. 33 ವರ್ಷ ಕ್ಲಾಸಿನಲ್ಲಿ ಬೇರೆಯವರ ವಾಕ್ಯ ಮುಗಿಸಿಯೇ ಅಭ್ಯಾಸ. ಭಜನೆ ಶುರು ಮಾಡಿದರೆ ಮಾತ್ರ ಒಂದು ಪದವೂ ತಪ್ಪದೆ ಹಾಡುತ್ತಿದ್ದರು. ಟ್ಯಾಕ್ಸಿಗೆ ಹೋಗಿ ಬರಲು 4,800, ಆರು ಸಲ.

ಬಿ.ಎಂ. ರಸ್ತೆ ಮಗಳು:
ಟೀಚರ್, ತುಂಬಾ ಉಪಕಾರವಾಯಿತು. ನಾಳೆಯೇ ವಿಚಾರಿಸುತ್ತೇನೆ. ಅತ್ತೆಗೆ ಫೋನ್ ಮಾಡಿ ಹಂಡೆ ಒಲೆ, ಕಣದ ಧೂಳು ಎಲ್ಲ ಕೇಳಿದೆ. ಸಿಟ್ಟು ಬಂತು. ‘ನಿಮ್ಮಪ್ಪ ಇದೇ ಹೊಗೆಯಲ್ಲಿ ಬೆಳೆದವನು, ಅವನು ಬಿದ್ದದ್ದು ನಿಮ್ಮ ಹಾಸನದಲ್ಲಿ’ ಅಂದರು. ಸದ್ಯಕ್ಕೆ ಅಪ್ಪನ ಮಂಚವನ್ನು ಹಿಂದಿನ ಕೋಣೆಗೆ ಹಾಕಿದ್ದೇವೆ. ರಸ್ತೆ ಕಡೆ ಕಿಟಕಿ ಮುಚ್ಚಿದೆ.

ಎನ್.ಆರ್. ಸರ್ಕಲ್:
ಅಮ್ಮನ ಕೋಣೆಗೆ ತಂದ ಎರಡನೇ ಪ್ಯೂರಿಫೈಯರ್ ಸುಮ್ನೆ ಕೂತಿದೆ ಮೇಡಂ, ಅವರು ಆನ್ ಮಾಡಲು ಬಿಡುವುದಿಲ್ಲ. ಬೇಕಿದ್ದರೆ 6,000ಕ್ಕೆ ಕೊಡುತ್ತೇನೆ.

ಮೂಡಿಗೆರೆ ಕಡೆಯವ:
ಫಿಲ್ಟರ್ ಹೊಸದಾ, ಕಪ್ಪಾಗಿದ್ದಾ? ಅದು ಮೊದಲು ಕೇಳಿ ಮೇಡಂ.