ಪ್ಲೇಟ್ ಬಾಗುವ ಲೆಕ್ಕ: ಉತ್ತರ ಮೂರು ಪಟ್ಟು ಜಾಸ್ತಿ ಬರ್ತಿದೆ

ಸಂಪು_ಮುಚ್ಚಳ (ದಾವಣಗೆರೆ):
ಎಲ್ಲರಿಗೂ ನಮಸ್ಕಾರ. ನಮ್ಮ ಮಾವನ ವೆಲ್ಡಿಂಗ್ ಶಾಪಿಗೆ ಗೋದಾಮೊಂದರ ಸಂಪಿನ ಮುಚ್ಚಳದ ಕೆಲಸ ಬಂದಿದೆ. 1 ಮೀಟರ್ ಚೌಕ, 10 ಮಿಮೀ ಉಕ್ಕಿನ ಪ್ಲೇಟ್. ಮೇಲೆ ಮೆಕ್ಕೆಜೋಳದ ಚೀಲ ಪೇರಿಸುತ್ತಾರೆ. ಚದರ ಮೀಟರಿಗೆ 10 ಕಿಲೋನ್ಯೂಟನ್, ಅಂದರೆ ಸುಮಾರು ಒಂದು ಟನ್ ಅಂತ ಹಿಡಿದೆ.

ನಡುವೆ ಎಷ್ಟು ಬಾಗುತ್ತೆ ಅಂತ ನೋಡೋಕೆ ಪ್ಲೇಟನ್ನು ಚೌಕುಳಿ (ಗ್ರಿಡ್) ಮಾಡಿ ಒಂದು ಕೋಡ್ ಬರೆದೆ. ಪ್ಲೇಟ್ ಬಾಗುವ ಸಮೀಕರಣದಲ್ಲಿ ಬರೋ ಬೈಹಾರ್ಮೋನಿಕ್ ಅಂದರೆ ಲಾಪ್ಲಾಸಿಯನ್ (ಒಂದು ಬಿಂದುವಿನ ಬೆಲೆ ಸುತ್ತಲಿನವುಗಳಿಂದ ಎಷ್ಟು ಬೇರೆ ಅಂತ ಅಳೆಯೋದು) ಎರಡು ಸಲ ಹಾಕೋದು ತಾನೆ? ಹಳೇ ಲಾಪ್ಲಾಸಿಯನ್ ಮ್ಯಾಟ್ರಿಕ್ಸ್ ಇತ್ತು, ಅದನ್ನು ಅದರಿಂದಲೇ ಗುಣಿಸಿಬಿಟ್ಟೆ. ಅಂಚಿನಲ್ಲಿ ಬಾಗು (ಪ್ಲೇಟ್ ಕೆಳಗಿಳಿಯುವಷ್ಟು) ಸೊನ್ನೆ ಅಂತ ಕೊಟ್ಟೆ. ನಾಲ್ಕೂ ಕಡೆ ವೆಲ್ಡ್ ಆದ ಪ್ಲೇಟಿಗೆ ಕೋಷ್ಟಕದ ಪ್ರಕಾರ ನಡುವೆ 0.69 ಮಿಮೀ ಬರಬೇಕು. ನನಗೆ 2.2 ಬರ್ತಿದೆ. ಗ್ರಿಡ್ ಬದಿಗೆ 20 ಭಾಗ ಇಟ್ಟರೂ ಅಷ್ಟೇ, 40 ಇಟ್ಟರೂ ಅಷ್ಟೇ. ಎರಡು ರಾತ್ರಿ ನಿದ್ದೆ ಕೆಟ್ಟೆ.

ಮಂಡಕ್ಕಿ_ಖಾರ:
ಮಿಮೀ, ಮೀಟರ್ ಗಲಿಬಿಲಿ ಆಗಿಲ್ಲ ತಾನೆ? ದಪ್ಪದ ಘನ ಬರುತ್ತೆ ಅಲ್ಲಿ.

ದುರ್ಗದ_ಮೇಷ್ಟ್ರು:
ಯೂನಿಟ್ ತಪ್ಪಿದ್ದರೆ ಹತ್ತು, ಸಾವಿರದ ಲೆಕ್ಕದಲ್ಲಿ ಹೋಗುತ್ತಿತ್ತು. ಇಲ್ಲಿ 2.2ನ್ನು 0.69ರಿಂದ ಭಾಗಿಸಿದರೆ 3.2. ಕೋಷ್ಟಕದಲ್ಲಿ ಬರೀ ಆಧಾರದ ಮೇಲೆ ಕೂತ ಚೌಕ ಪ್ಲೇಟಿನ ಬಾಗಿನ ಗುಣಕ 0.00406, ಅಂಚು ಬಿಗಿದಿದ್ದರೆ 0.00126. ಭಾಗಿಸಿ ನೋಡು ತಮ್ಮಾ, ಅದೇ 3.2. ಕೋಡ್ ಲೆಕ್ಕ ಸರಿಯಾಗೇ ಮಾಡಿದೆ, ಆದರೆ ಬೇರೆ ಪ್ಲೇಟಿಗೆ.

ನಾಲ್ಕನೇ ದರ್ಜೆಯ ಸಮೀಕರಣ ಇದು. ಪ್ರತಿ ಅಂಚಿಗೂ ಎರಡೆರಡು ಷರತ್ತು ಕೇಳುತ್ತೆ. ನೀನು ಕೊಟ್ಟದ್ದು ಒಂದೇ. ಒಂದು ಸ್ಟೀಲ್ ಸ್ಕೇಲನ್ನು ಎರಡು ಪೆನ್ಸಿಲ್ ಮೇಲಿಟ್ಟು ನಡುವೆ ಒತ್ತು. ಪೆನ್ಸಿಲ್ ಮೇಲೆ ಬಾಗು ಸೊನ್ನೆ, ಆದರೆ ತುದಿ ಮೇಲಕ್ಕೆ ಏಳುತ್ತೆ. ಈಗ ಎರಡೂ ತುದಿ ದಪ್ಪ ಪುಸ್ತಕದ ಕೆಳಗಿಟ್ಟು ಒತ್ತು. ಬೆರಳು ನೋಯುತ್ತೆ. ಅಲ್ಲಿ ಇಳಿಜಾರೂ ಸೊನ್ನೆ.

ನಿನ್ನ ಮ್ಯಾಟ್ರಿಕ್ಸಿನ ಕರ್ಣ (ಪ್ರತಿ ಬಿಂದುವಿಗೆ ಅದರದ್ದೇ ಸಂಖ್ಯೆ) ಪ್ರಿಂಟ್ ಮಾಡಿ ಹಾಕು.

ಸಂಪು_ಮುಚ್ಚಳ:
ಸರ್, ಒಳಗೆಲ್ಲ 20. ಅಂಚಿನ ಪಕ್ಕದ ಸಾಲಿನಲ್ಲಿ 19. ಮೂಲೆ ಹತ್ತಿರ 18.

ದುರ್ಗದ_ಮೇಷ್ಟ್ರು:
ಸಿಕ್ಕಿತು ನೋಡು. ಹದಿಮೂರು ಬಿಂದುಗಳ ಸ್ಟೆನ್ಸಿಲ್ ಅದು, ಅಂದರೆ ಒಂದು ಬಿಂದುವಿನ ಲೆಕ್ಕಕ್ಕೆ ಸುತ್ತಲಿನ ಯಾವ ಬಿಂದು ಎಷ್ಟು ಸಲ ಸೇರುತ್ತೆ ಅನ್ನೋ ನಕ್ಷೆ: ನಡುವೆ 20, ಪಕ್ಕದ ನಾಲ್ಕಕ್ಕೆ −8, ಓರೆಯ ನಾಲ್ಕಕ್ಕೆ 2, ಎರಡು ಹೆಜ್ಜೆ ಆಚೆಯ ನಾಲ್ಕಕ್ಕೆ 1. ಅಂಚಿನ ಪಕ್ಕದಲ್ಲಿ ನಿಂತರೆ ಆ ಎರಡು ಹೆಜ್ಜೆಯ ಬಿಂದು ಪ್ಲೇಟಿನ ಹೊರಗೆ ಬೀಳುತ್ತೆ. ಅದಕ್ಕೆ ಏನು ಬೆಲೆ? ಅಂಚು ಬಿಗಿದಿದ್ದರೆ ಒಳಗಿನದ್ದೇ ಬೆಲೆ, ಕನ್ನಡಿ ಹಿಡಿದ ಹಾಗೆ. ಸುಮ್ನೆ ಕೂತಿದ್ದರೆ ಅದೇ ಬೆಲೆ, ಚಿಹ್ನೆ ಉಲ್ಟಾ. ಮ್ಯಾಟ್ರಿಕ್ಸನ್ನು ವರ್ಗ ಮಾಡಿದಾಗ ನಿನ್ನನ್ನು ಕೇಳದೇ ಉಲ್ಟಾ ಚಿಹ್ನೆ ಕೂತಿದೆ. ಅದಕ್ಕೇ 20ರಲ್ಲಿ 1 ಕಳೆದು 19. ಅಲ್ಲಿ 1 ಕೂಡಿಸಿ 21 ಮಾಡು, ಮೂಲೆಯಲ್ಲಿ ಎರಡು ಬಿಂದು ಹೊರಗೆ ಬೀಳೋದರಿಂದ 22. ಉಳಿದದ್ದು ಮುಟ್ಟಬೇಡ.

ಮಂಡಕ್ಕಿ_ಖಾರ:
ಬೇಜಾರಾಗಬೇಡಿ, ಅಂಚಿನಲ್ಲಿ ಎಡವಿದವರು ನೀವೊಬ್ಬರೇ ಅಲ್ಲ. ಗಣಿತಜ್ಞೆ ಸೋಫಿ ಜೆರ್ಮೇನ್ 1816ರಲ್ಲಿ ಪ್ಯಾರಿಸ್ ಅಕಾಡೆಮಿಯ ಬಹುಮಾನ ಗೆದ್ದದ್ದು ಇದೇ ಪ್ಲೇಟಿನ ಕೆಲಸಕ್ಕೆ. ಆಮೇಲೂ ಅಂಚಿನ ಜಗಳ ಮುಗಿಯಲಿಲ್ಲ. ಹಿಡಿತವೇ ಇಲ್ಲದ ಅಂಚಿಗೆ ಮೂರು ಷರತ್ತು ಬೇಕು ಅಂದಿದ್ದ ಗಣಿತಜ್ಞ ಪ್ವಾಸೋನ್. ಎರಡೇ ಸಾಕು ಅಂತ ಭೌತವಿಜ್ಞಾನಿ ಕಿರ್ಚಾಫ್ ತೋರಿಸಿದ್ದು 1850ರಲ್ಲಿ.

ಸಂಪು_ಮುಚ್ಚಳ:
ಬಂತು ಸರ್! 0.7ರ ಹತ್ತಿರ. ಎರಡೇ ಸಾಲು ಬದಲಾಯಿಸಿದ್ದು. ತುಂಬಾ ಥ್ಯಾಂಕ್ಸ್. ಹಾಗಾದರೆ ಮಾವನಿಗೆ ಒಂದು ಮಿಮೀ ಒಳಗೇ ಬಾಗುತ್ತೆ ಅಂತ ಹೇಳಲಾ?

ದುರ್ಗದ_ಮೇಷ್ಟ್ರು:
ತಡಿ. ವೆಲ್ಡ್ ಸುತ್ತಲೂ ಎಳೆದಿದ್ದಾರಾ, ಅಲ್ಲಲ್ಲಿ ಟ್ಯಾಕ್ (ಚುಕ್ಕಿ ವೆಲ್ಡ್) ಹಾಕಿದ್ದಾರಾ? ಕೆಳಗಿನ ಫ್ರೇಮ್ ಯಾವುದು?

ಸಂಪು_ಮುಚ್ಚಳ:
ಈಗ ಕೇಳಿದೆ. "ಸುತ್ತಲೂ ಯಾಕೋ? ಸಂಪು ತೊಳೆಯೋಕೆ ಕಿತ್ತು ತೆಗೀಬೇಕಲ್ಲ" ಅಂದರು. ನಾಲ್ಕು ಟ್ಯಾಕ್ ಅಷ್ಟೇ. ಫ್ರೇಮು ಸಣ್ಣ ಆಂಗಲ್ (L ಆಕಾರದ ಪಟ್ಟಿ).

ದುರ್ಗದ_ಮೇಷ್ಟ್ರು:
ಸಣ್ಣ ಆಂಗಲ್ ತಿರುಚಿಕೊಳ್ಳುತ್ತೆ, ಅಂಚನ್ನು ಬಿಗಿಯಾಗಿ ಹಿಡಿಯಲ್ಲ. ಮಾವನಿಗೆ 2.2 ಅಂತಲೇ ಹೇಳು. ಹಳೇ ಕೋಡ್ ಅಳಿಸಿಲ್ಲ ತಾನೆ?