ಅಪ್‌ಡೇಟ್: ಜೇಡಿಮಣ್ಣಿನ ಹುಲ್ಲುಹಾಸು, ಒಂದು ವರ್ಷದ ನಂತರ

ತಂಪು ಹವೆಯಲ್ಲಿ, ನೀರು ನಿಲ್ಲುವ ಗಟ್ಟಿ ಜೇಡಿಮಣ್ಣಿನ ಮೇಲೆ ಹುಲ್ಲು ಅಲ್ಲಲ್ಲಿ ಸಾಯುತ್ತಿದೆ, ಪಾಚಿ ಮಾತ್ರ ಸೊಂಪಾಗಿದೆ, ಮರಳು ಬೆರೆಸಲೇ ಎಂದು ಕಳೆದ ವರ್ಷ ಕೇಳಿದ್ದೆ. ಬೇಡವೆಂದು ತಡೆದವರಿಗೆ ಋಣಿಯಾಗಿದ್ದೇನೆ. ಜೇಡಿಗೆ ಅಲ್ಪಸ್ವಲ್ಪ ಮರಳು ಸೇರಿದರೆ ಅದು ಸಡಿಲವಾಗುವ ಬದಲು ಇನ್ನಷ್ಟು ಬಿಗಿಯಾಗುತ್ತದೆಂದು ಈಗ ಅರ್ಥವಾಗಿದೆ.

ಮಣ್ಣು ಪರೀಕ್ಷೆಯಲ್ಲಿ ಪಿಎಚ್ (ಮಣ್ಣಿನ ಹುಳಿತನದ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5.4 ಬಂತು. ತಂಪು ಹವೆಯ ಹುಲ್ಲುಗಳಿಗೆ 6ರಿಂದ 7 ಹಿತವಾದ್ದರಿಂದ, ಹುಳಿ ತಗ್ಗಿಸಲು ವರದಿ ಹೇಳಿದಷ್ಟೇ ಕೃಷಿ ಸುಣ್ಣ ಹಾಕಿದೆ. ಅದರ ಪರಿಣಾಮ ಕಾಣಲು ತಿಂಗಳುಗಳೇ ಬೇಕಾದವು. ನಿಜವಾದ ಬದಲಾವಣೆ ತಂದದ್ದು ಬೇಸಿಗೆಯ ಕೊನೆಯ ಕೆಲಸ. ಮಣ್ಣು ತೇವವಾಗಿದ್ದೂ ಕೆಸರಾಗಿರದ ದಿನ ನೋಡಿ, ಮಣ್ಣಿನ ಸಣ್ಣ ತುಂಡುಗಳನ್ನು ಕಿತ್ತು ಹೊರಹಾಕುವ ಏರೇಟರ್ ಯಂತ್ರವನ್ನು ಎರಡು ದಿಕ್ಕಿನಲ್ಲಿ ಓಡಿಸಿ, ಜರಡಿ ಹಿಡಿದ ಕಾಂಪೋಸ್ಟನ್ನು ಸುಮಾರು 6 ಮಿಲಿಮೀಟರ್ ದಪ್ಪಕ್ಕೆ ಹರಡಿ, ಅದು ರಂಧ್ರಗಳೊಳಗೆ ಇಳಿಯುವಂತೆ ಕುಂಟೆಯಿಂದ ಎಳೆದೆ. ಹಿಂದೆ ಮೊಳೆಯ ಚಪ್ಪಲಿ ತೊಟ್ಟು ತುಳಿದಾಡಿದ್ದು ವ್ಯರ್ಥ ಶ್ರಮ. ಅದು ರಂಧ್ರದ ಸುತ್ತಲಿನ ಮಣ್ಣನ್ನು ಒತ್ತುತ್ತದಷ್ಟೆ.

ಬಿತ್ತಿದ್ದು ಹೆಚ್ಚಾಗಿ ಟಾಲ್ ಫೆಸ್ಕ್ಯೂ ಎಂಬ ಹುಲ್ಲು, ಜೊತೆಗೆ ಸ್ವಲ್ಪ ಕೆಂಟಕಿ ಬ್ಲೂಗ್ರಾಸ್. ಮೊದಲನೆಯದು ಹತ್ತು ದಿನಗಳಲ್ಲಿ ಮೊಳೆಯಿತು; ಎರಡನೆಯದು ಮೂರು ವಾರ ಕಾಯಿಸಿತು, ಆ ನಡುವೆ ಬೀಜವೇ ಕೆಟ್ಟದ್ದೆಂದು ನಾನು ಬೈದುಕೊಂಡದ್ದೂ ಉಂಟು. ಈಗ 8 ಸೆಂಟಿಮೀಟರ್ ಎತ್ತರ ಉಳಿಸಿ, ಒಮ್ಮೆಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದೆ ನೋಡಿಕೊಳ್ಳುತ್ತಿದ್ದೇನೆ. ಗೋಡೆಯ ನೆರಳಿನಲ್ಲಿ ಪಾಚಿ ಇನ್ನೂ ಇದೆ. ಅಲ್ಲಿ ಹುಲ್ಲಿನ ಆಸೆ ಬಿಟ್ಟಿದ್ದೇನೆ.